ಗಾನತಟ್ಟೆ ಹೊತ್ತಿಸಿದ ಹಸಿವು

ಗದಗಿನ ಶಾಲಾಬಾಲಕನೊಬ್ಬ ಅಂಗಡಿಯಲ್ಲಿ ಹಾಕಿದ್ದ ಗ್ರಾಮಫೋನ್ ತಟ್ಟೆಯ ಹಾಡಿಗೆ ಮನಸೋತು ಮನೆ ಬಿಟ್ಟು ಹೋದ ಕಥೆ ಉತ್ತರ ಕರ್ನಾಟಕದ ಸಂಗೀತಪ್ರಿಯರಿಗೆಲ್ಲ ಗೊತ್ತು. ತಟ್ಟೆಯಲ್ಲಿದ್ದುದು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಜಿಂಝೋಟಿ ರಾಗದ ಠುಮ್ರಿ. ಇಸವಿ 1933, ಹುಡುಗನಿಗೆ ಆಗ ಹನ್ನೊಂದು ವರ್ಷ. ಕಿಸೆಯಲ್ಲಿ ಕಾಸಿಲ್ಲದೆ ರೈಲು ಹತ್ತಿದ ಅವನು, ಟಿಕೆಟ್ ಕೇಳಲು ಬಂದವರಿಗೂ ಸಹಪ್ರಯಾಣಿಕರಿಗೂ ಹಾಡು ಹೇಳಿ ಒಲಿಸಿಕೊಳ್ಳುತ್ತ ಗ್ವಾಲಿಯರ್, ರಾಂಪುರ, ಜಲಂಧರ ಎಂದು ಗುರುವನ್ನು ಹುಡುಕುತ್ತ ಅಲೆದ. ಕೊನೆಗೆ ಅವನಿಗೆ ಗುರು ದೊರೆತದ್ದು ಗದಗಿಗೆ ದೂರವೇನೂ ಅಲ್ಲದ, ಹುಬ್ಬಳ್ಳಿಯ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ಶಿಷ್ಯರೇ. ಹುಡುಗ, ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಗುರುಭಕ್ತಿಯ ದೃಷ್ಟಾಂತವಾಗಿ ಹೇಳುತ್ತೇವೆ. ಅದನ್ನು ಒಬ್ಬ ಎಳೆಯ ಸಂಗೀತಾಭಿಮಾನಿಯ ಕಥೆಯಾಗಿಯೂ ಓದಬಹುದಲ್ಲವೇ? ಯಂತ್ರದಲ್ಲಿ ಕೇಳಿದ ಮೂರು ನಿಮಿಷದ ಹಾಡು ಅವನಲ್ಲಿ ಹಸಿವನ್ನು ಹೊತ್ತಿಸಿತು. ಆ ಹಸಿವು ತಣಿಯಲು ಮಾತ್ರ ಅವನು ಹಾಡುವವರ ಎದುರಿಗೇ ಹೋಗಿ ಕೂರಬೇಕಾಯಿತು.

ಇಂದಿನ ತರುಣ ತರುಣಿಯರನ್ನು ನೋಡಿ. ಕಿವಿಯೊಳಗೆ ಪುಟ್ಟ ಇಯರ್‌ಫೋನು, ಕೈಯಲ್ಲಿ ಮೊಬೈಲು. ಶುಕ್ರವಾರ ಬಂತೆಂದರೆ ಯಾವ ಹೊಸ ಹಾಡು ಬಂದಿದೆಯೆಂಬ ಕಾತರ. ಈ ಶುಕ್ರವಾರದ ಪದ್ಧತಿಗೂ ಒಂದು ಇತಿಹಾಸವಿದೆ. ಮೊದಲು ಇಂಗ್ಲೆಂಡಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಹೊಸ ಆಲ್ಬಂಗಳು ಬರುತ್ತಿದ್ದವು. ಒಂದು ದೇಶದಲ್ಲಿ ಬಂದದ್ದು ಅಂತರಜಾಲದ ಮೂಲಕ ಅದೇ ಗಳಿಗೆಯಲ್ಲಿ ಇನ್ನೊಂದು ದೇಶಕ್ಕೆ ನುಸುಳುತ್ತಿದ್ದುದರಿಂದ, 2015ರ ಜುಲೈಯಲ್ಲಿ ಧ್ವನಿಮುದ್ರಣ ಉದ್ಯಮವು ಶುಕ್ರವಾರವನ್ನೇ ಜಗತ್ತಿಗೆಲ್ಲ ಬಿಡುಗಡೆಯ ದಿನವೆಂದು ಗೊತ್ತುಮಾಡಿತು. ಹೀಗೆ ಶುಕ್ರವಾರ ಹೊಸ ಹಾಡು ಕೇಳುವ ಹುಡುಗನೇ ಶನಿವಾರ ಸಂಜೆ ಗೆಳೆಯರೊಡನೆ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೊರಡುತ್ತಾನೆ. 'ಮನೆಯಲ್ಲೇ ಬಿಟ್ಟಿ ಸಿಗುವ ಹಾಡಿಗೆ ಅಷ್ಟು ದುಡ್ಡು ಕೊಟ್ಟು, ನಿಂತು ಕಾಲು ನೋಯಿಸಿಕೊಂಡು ಬರುವುದೇಕೆ?' ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ತುಸು ಹಿಂದಕ್ಕೆ ಹೋಗಬೇಕು.

ಮೂರು ನಿಮಿಷದ ಅಳತೆ

'ಹೊಸ ಬಿಡುಗಡೆ' ಎಂಬ ಮಾತಿಗೆ ನಮ್ಮ ದೇಶದಲ್ಲಿ ನೂರಿಪ್ಪತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನ ವಯಸ್ಸು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕ್ ಇರಲಿಲ್ಲ. ದೊಡ್ಡ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಇಂದಿಗೂ ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಅದು ಬಡಿವಾರವಲ್ಲ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಿತ್ತು. ಈ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ 1928ರಲ್ಲಿ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಒಂದು ರಾಗವನ್ನು ತಾಸುಗಟ್ಟಲೆ ಬಿಡಿಸುತ್ತಿದ್ದ ಗಾಯಕರು ಅದರ ಸಾರವನ್ನು ಮೂರು ನಿಮಿಷಕ್ಕೆ ಹಿಂಡಿ ಕೊಡಬೇಕಾಯಿತು. ಕೆಲವರು ಇದನ್ನು ಅಪಚಾರವೆಂದು ದೂರ ಉಳಿದರು. ಕೆಲವರು ಆ ಇಕ್ಕಟ್ಟಿನಲ್ಲೇ ಅದ್ಭುತವನ್ನು ಸಾಧಿಸಿದರು. ಕರೀಂ ಖಾನರ ತಟ್ಟೆಗಳು ಅದಕ್ಕೆ ಸಾಕ್ಷಿ. ಯಂತ್ರವು ಹಾಡನ್ನು ಹಿಡಿದಿಡುವುದರ ಜೊತೆಗೆ ತನ್ನ ಅಳತೆಗೆ ತಕ್ಕಂತೆ ಕತ್ತರಿಸುತ್ತದೆ ಕೂಡ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಎದುರಾಗುತ್ತದೆ.

ಅಂದಿನ ಹಾಡುಗಾರರಿಗೆ ತಟ್ಟೆಯಿಂದ ಬರುತ್ತಿದ್ದುದು ಬಹುಮಟ್ಟಿಗೆ ಒಂದೇ ಸಲದ ಸಂಭಾವನೆ. ಹೊಟ್ಟೆ ಹೊರೆಯುತ್ತಿದ್ದುದು ಬೈಠಕ್ಕು, ಕಛೇರಿ, ಆಸ್ಥಾನ. ಆದರೆ ತಟ್ಟೆ ಹೋದಲ್ಲೆಲ್ಲ ಹೆಸರು ಹೋಗುತ್ತಿತ್ತು. ಮೂವತ್ತರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದು, ಹುಬ್ಬಳ್ಳಿಯನ್ನು ಕಾಣದ ಊರುಗಳಿಗೂ ಆ ದನಿಯನ್ನು ಮುಟ್ಟಿಸಿದವು. ತಟ್ಟೆ ಕರೆಯೋಲೆಯಾದರೆ, ಕಛೇರಿಯೇ ಮದುವೆಮನೆ.

ಸುರುಳಿಯ ಕಾಲ

ಈ ಲೆಕ್ಕ ತಲೆಕೆಳಗಾದದ್ದು ಲಾಂಗ್‌ಪ್ಲೇ ತಟ್ಟೆ ಮತ್ತು ಕ್ಯಾಸೆಟ್ಟುಗಳ ಕಾಲದಲ್ಲಿ. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಲಾಂಗ್‌ಪ್ಲೇ ತಟ್ಟೆಯನ್ನು ಹೊರತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸಿತು. ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು 1963ರಲ್ಲಿ ಬಂತು. ಪಾಶ್ಚಾತ್ಯ ದೇಶಗಳಲ್ಲಿ ಆಲ್ಬಂ ಮಾರಾಟವೇ ದೊಡ್ಡ ಆದಾಯವಾಗಿ, ಸಂಗೀತ ಪ್ರವಾಸವು ಆಲ್ಬಂ ಮಾರುವ ಜಾಹೀರಾತಿನಂತಾಯಿತು. ಬೀಟಲ್ಸ್ ತಂಡವಂತೂ ಅಭಿಮಾನಿಗಳ ಕಿರಿಚಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸದಂತಾಗಿ, 1966ರ ಆಗಸ್ಟಿನ ಸ್ಯಾನ್‌ಫ್ರಾನ್ಸಿಸ್ಕೋ ಕಾರ್ಯಕ್ರಮದ ಅನಂತರ ಪ್ರವಾಸವನ್ನೇ ನಿಲ್ಲಿಸಿಬಿಟ್ಟಿತು. ಮರುವರ್ಷ ಸ್ಟುಡಿಯೋದಲ್ಲಿ ಅವರು ಕಟ್ಟಿದ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂ, ಅಂದಿನ ವೇದಿಕೆಯ ಮೇಲೆ ನಾಲ್ವರು ನಿಂತು ನುಡಿಸಲಾಗದಂಥ ಸಂಗೀತ. ಎದುರಿಗೆ ಕೇಳುವುದೇ ನಿಜವಾದ ಸಂಗೀತ, ಧ್ವನಿಮುದ್ರಿಕೆ ಅದರ ನೆರಳು ಎಂದು ವಾದಿಸುವವರು ಈ ಆಲ್ಬಂ ಕೇಳಿದರೆ ಎರಡು ಸಲ ಯೋಚಿಸಬೇಕಾಗುತ್ತದೆ. ಸ್ಟುಡಿಯೋ ಕೂಡ ಒಂದು ವಾದ್ಯವೇ.

ಕನ್ನಡಕ್ಕೆ ಕ್ಯಾಸೆಟ್ಟು ತಂದ ಭಾಗ್ಯ ಬೇರೆ ಬಗೆಯದು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂದದ್ದು 1978ರಲ್ಲಿ. ಪುಸ್ತಕದ ಪುಟದಲ್ಲಿದ್ದ ಕವಿತೆ ಅಡುಗೆಮನೆಗೆ, ಬಸ್ಸಿಗೆ, ಮದುವೆಯ ಚಪ್ಪರಕ್ಕೆ ಬಂತು. ಮುಂದೆ ಸಿ. ಅಶ್ವತ್ಥ್ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಮನೆಮಾತಾಗಿಸಿದರು. ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರವೇ ನೆರೆಯಿತು. ಹಾಗೆ ಬಂದವರಲ್ಲಿ ಬಹುಪಾಲು ಜನರಿಗೆ ಹಾಡುಗಳು ಮೊದಲೇ ಬಾಯಿಪಾಠ. ವರ್ಷಗಟ್ಟಲೆ ಸುರುಳಿಯಲ್ಲಿ ಕೇಳಿದ್ದನ್ನು ಸಾವಿರಾರು ಜನರ ನಡುವೆ ನಿಂತು ತಾವೂ ಹಾಡಲೆಂದೇ ಅವರು ಬಂದಿದ್ದರು. ಎರಡು ವರ್ಷಗಳ ಬಳಿಕ, 2007ರಲ್ಲಿ, ಇಂಗ್ಲೆಂಡಿನ ಐರನ್ ಮೇಡನ್ ತಂಡ ಅದೇ ಮೈದಾನದಲ್ಲಿ ಅಬ್ಬರಿಸಿದಾಗಲೂ ನಡೆದದ್ದು ಇದೇ. ಹಾಡು ಬೇರೆ, ಉಡುಪು ಬೇರೆ; ಅಭಿಮಾನಿಯ ಆಸೆ ಒಂದೇ.

ಮೂವತ್ತು ಸೆಕೆಂಡಿನ ಲೆಕ್ಕ

ನ್ಯಾಪ್‌ಸ್ಟರ್ ಎಂಬ ತಂತ್ರಾಂಶ 1999ರಲ್ಲಿ ಹುಟ್ಟಿ, ಹಾಡುಗಳನ್ನು ಅಂತರಜಾಲದಲ್ಲಿ ಪುಕ್ಕಟೆಯಾಗಿ ಹಂಚಿಕೊಳ್ಳಲು ದಾರಿ ತೋರಿತು. ಮೊಕದ್ದಮೆಗಳು ಅದನ್ನು ಮುಚ್ಚಿಸಿದವಾದರೂ ದುಡ್ಡು ಕೊಟ್ಟು ತಟ್ಟೆ ಕೊಳ್ಳುವ ಅಭ್ಯಾಸ ಮರಳಿ ಬರಲಿಲ್ಲ. ಆಮೇಲೆ ಬಂದವು ಹಾಡನ್ನು ಕೊಳ್ಳದೆ ಬಾಡಿಗೆಗೆ ಕೇಳುವಂಥ ಸೇವೆಗಳು. ಅವುಗಳಲ್ಲಿ ಹೆಸರಾದ ಸ್ಪಾಟಿಫೈ 2008ರಲ್ಲಿ ಯುರೋಪಿನಲ್ಲಿ ಆರಂಭವಾಗಿ 2019ರಲ್ಲಿ ಭಾರತಕ್ಕೆ ಬಂತು.

ಇಲ್ಲಿ ದುಡ್ಡು ಹರಿಯುವ ಬಗೆಯನ್ನು ತಿಳಿಯುವುದು ಒಳ್ಳೆಯದು. ಚಂದಾದಾರರ ಹಣವೂ ಜಾಹೀರಾತಿನ ಹಣವೂ ಒಂದೇ ಹುಂಡಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ, ಸುಮಾರು ಮೂರನೆಯ ಎರಡು ಭಾಗವನ್ನು ಒಟ್ಟು ಕೇಳಿಕೆಯಲ್ಲಿ ಯಾರ ಹಾಡಿನ ಪಾಲು ಎಷ್ಟೋ ಅದಕ್ಕನುಗುಣವಾಗಿ ಹಕ್ಕುದಾರರಿಗೆ ಹಂಚಲಾಗುತ್ತದೆ. ಎಂದರೆ, ತಿಂಗಳೆಲ್ಲ ಒಬ್ಬ ಕನ್ನಡ ಗಾಯಕಿಯನ್ನಷ್ಟೇ ಕೇಳಿದ ಹುಡುಗಿಯ ಚಂದಾಹಣ ನೇರವಾಗಿ ಆ ಗಾಯಕಿಗೆ ಹೋಗುವುದಿಲ್ಲ. ಅದು ಹುಂಡಿಯಲ್ಲಿ ಬೆರೆತು, ಬಹುಭಾಗ ಕೋಟಿಗಟ್ಟಲೆ ಜನ ಕೇಳುವ ದೊಡ್ಡವರ ಕಡೆಗೆ ಹರಿಯುತ್ತದೆ. ವರ್ಷದಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈಯಲ್ಲಿ ಪಾಲೇ ಇಲ್ಲ.

ಅಷ್ಟೇ ಅಲ್ಲ, ಹಾಡನ್ನು ಕನಿಷ್ಠ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಕೇಳಿಕೆಯೆಂದು ಎಣಿಕೆಗೆ ಬರುತ್ತದೆ. ಹಾಗಾಗಿ ಕೇಳುಗ ಬೆರಳು ಸರಿಸಿ ಮುಂದಿನ ಹಾಡಿಗೆ ಹೋಗುವ ಮೊದಲೇ ಅವನನ್ನು ಹಿಡಿದು ನಿಲ್ಲಿಸಬೇಕಾದ ಒತ್ತಡ ಹಾಡು ಕಟ್ಟುವವರ ಮೇಲೆ ಬೀಳುತ್ತದೆ. ನಿಧಾನವಾಗಿ ತೆರೆದುಕೊಳ್ಳುವ ಹಿನ್ನೆಲೆ ಸಂಗೀತಕ್ಕೆ ಎಡೆ ಕಡಿಮೆಯಾಗುತ್ತದೆ. ಅಂದು ಮೂರು ನಿಮಿಷ, ಇಂದು ಮೂವತ್ತು ಸೆಕೆಂಡು; ಯಂತ್ರದ ಕತ್ತರಿ ಮತ್ತೆ ಬಂದಿದೆ.

ಕೊರೊನಾ ಕಾಲ ಈ ವ್ಯವಸ್ಥೆಯ ನಿಜರೂಪವನ್ನು ತೋರಿಸಿತು. ಮಾರ್ಚ್ 2020ರ ಅನಂತರ ತಿಂಗಳುಗಟ್ಟಲೆ ವೇದಿಕೆಗಳೆಲ್ಲ ಕತ್ತಲಾದವು. ಹಾಡುಗಳ ಬಿಡುಗಡೆಯೇನೂ ನಿಲ್ಲಲಿಲ್ಲ. ಮನೆಮನೆಯ ಕೋಣೆಗಳಿಂದ ಅವು ಬರುತ್ತಲೇ ಇದ್ದವು. ಆದರೂ ತಬಲದವರು, ಡ್ರಮ್ಸಿನವರು, ಧ್ವನಿವರ್ಧಕದವರು, ಊರಹಬ್ಬದ ವಾದ್ಯಗೋಷ್ಠಿಗಳನ್ನೇ ನಂಬಿದ್ದ ಗಾಯಕರು ಕೈಕಟ್ಟಿ ಕೂರಬೇಕಾಯಿತು. ಮೊಬೈಲಿನಲ್ಲಿ ಹಾಡು ತುಂಬಿತುಳುಕುತ್ತಿದ್ದಾಗಲೇ ಹಾಡುವವರ ಮನೆಯಲ್ಲಿ ಒಲೆ ಹೊತ್ತಿಸುವುದು ಕಷ್ಟವಾಗಿತ್ತು. ಲೆಕ್ಕ ಮತ್ತೆ ಗೌಹರ್ ಜಾನ್ ಕಾಲಕ್ಕೆ ಮರಳಿದೆ. ಹೊಸ ಬಿಡುಗಡೆ ಈಗಲೂ ಕರೆಯೋಲೆಯೇ, ಊಟ ಹಾಕುವುದು ವೇದಿಕೆ.

ಎದುರಿಗೆ ಕೂತಾಗ

ಹಾಗೆಂದು ಎಲ್ಲ ವೇದಿಕೆಗಳೂ ಒಂದೇ ಅಲ್ಲ. ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಹಾಡಿದಾಗ ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅಂಥ ತಂಡಕ್ಕೆ ನಮ್ಮ ಒಂದು ಟಿಕೇಟಿನಿಂದ ಹೆಚ್ಚುವುದೇನಿಲ್ಲ. ಇನ್ನೂರು ಜನ ಹಿಡಿಸುವ ಸಭಾಂಗಣದಲ್ಲಿ ಹಾಡುವ ಹೊಸ ತಂಡಕ್ಕೆ ಮಾತ್ರ ಇಪ್ಪತ್ತು ಟಿಕೇಟು ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಮುಂದಿನ ತಿಂಗಳ ಕಾರ್ಯಕ್ರಮ ನಿಂತಿರುತ್ತದೆ.

ಹಾಡು ಬೆಳೆಯುವುದೂ ಇಂಥ ಸಣ್ಣ ಜಾಗಗಳಲ್ಲೇ. ರಘು ದೀಕ್ಷಿತ್ ತೊಂಬತ್ತರ ದಶಕದ ಕೊನೆಯಿಂದಲೇ 'ಅಂತರಾಗ್ನಿ' ತಂಡ ಕಟ್ಟಿ ಹಾಡುತ್ತಿದ್ದವರು. ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ನಡುವಿನ ವರ್ಷಗಳಲ್ಲಿ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಹಾಡುಗಳು ಮಾಗಿದವು. ಸ್ಟುಡಿಯೋಗೆ ಹೋಗುವ ಹೊತ್ತಿಗೆ ಶರೀಫರ ಪದ ಗಿಟಾರಿನೊಡನೆ ಹೇಗೆ ನಿಲ್ಲುತ್ತದೆಂಬುದನ್ನು ಕೇಳುಗರ ಎದುರಿನಲ್ಲೇ ಪರೀಕ್ಷಿಸಿ ಆಗಿತ್ತು. ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ 2011ರಲ್ಲಿ ಅವರಿಗೆ ಹೊಸಬರ ಪ್ರಶಸ್ತಿ ನೀಡಿತು. ಹತ್ತು ವರ್ಷಕ್ಕೂ ಮಿಕ್ಕಿ ವೇದಿಕೆ ಸವೆಸಿದ 'ಹೊಸಬ'!

ಕೇಳುಗನಿಗೂ ಅಲ್ಲಿ ಸಿಗುವುದು ಬೇರೆಯೇ. ಧ್ವನಿಮುದ್ರಿಕೆಯಲ್ಲಿ ಹಾಡು ಪ್ರತಿಸಲವೂ ಒಂದೇ. ಕಛೇರಿಯಲ್ಲಿ ಗಾಯಕ ಒಂದು ಸ್ವರದ ಮೇಲೆ ನಿಂತು ಮುಂದೆ ಎತ್ತ ಹೋಗಲಿ ಎಂದು ಯೋಚಿಸುವುದು ಕಣ್ಣಿಗೆ ಕಾಣುತ್ತದೆ. ತಬಲದವನು ಅದನ್ನು ಊಹಿಸಿ ನಗುತ್ತಾನೆ. ಸಭೆಯಿಂದ ಬಂದ ಒಂದು 'ವಾಹ್' ಅವನ ಕೈಗೆ ಹುರುಪು ಕೊಡುತ್ತದೆ. ತಪ್ಪುವುದೂ ಉಂಟು, ತಂತಿ ಕಡಿಯುವುದೂ ಉಂಟು. ಹಾಡು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿ ಬಂದ ಮೇಲೆ ಅದೇ ಹಾಡನ್ನು ಮನೆಯಲ್ಲಿ ಕೇಳಿದರೆ ಮೊದಲು ಕೇಳಿಸದೆ ಹೋದದ್ದು ಕೇಳಿಸುತ್ತದೆ. ಹಿರಿಯರ ಪ್ರಶ್ನೆಗೆ ಹುಡುಗ ಕೊಡಬಹುದಾದ ಉತ್ತರ ಇದೇ: ಅವನು ಅಲ್ಲಿಗೆ ಹೋಗುವುದು ಗೊತ್ತಿರುವ ಹಾಡನ್ನು ಮತ್ತೆ ಕೇಳುವುದಕ್ಕಷ್ಟೇ ಅಲ್ಲ, ಕೇಳುವುದನ್ನು ಕಲಿಯುವುದಕ್ಕೆ.

ಭೀಮಸೇನ ಜೋಶಿಯವರು ಮೊದಲ ಕಛೇರಿ ನೀಡಿದ್ದು 1941ರಲ್ಲಿ. ಅವರ ಮೊದಲ ಧ್ವನಿಮುದ್ರಿಕೆ ಬಂದದ್ದು ಮರುವರ್ಷ. ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಅವರು ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ದೇಶದ ದೊಡ್ಡ ಸಂಗೀತೋತ್ಸವಗಳಲ್ಲೊಂದಾಗಿ ಬೆಳೆಯಿತು. ತಟ್ಟೆ ಕೇಳಿ ಮನೆ ಬಿಟ್ಟ ಹುಡುಗ, ತನ್ನಂಥ ಸಾವಿರಾರು ಜನ ಎದುರಿಗೆ ಕೂತು ಕೇಳಲೆಂದು ಚಪ್ಪರ ಹಾಕಿಸಿದ.

ಮುಂದಿನ ಶುಕ್ರವಾರ ಯಾವುದಾದರೂ ಹೊಸ ಹಾಡು ನಿಮ್ಮನ್ನು ಹಿಡಿದು ನಿಲ್ಲಿಸಿದರೆ, ಹಾಡಿದವರು ನಿಮ್ಮೂರಿಗೆ ಎಂದು ಬರುತ್ತಾರೆಂದು ವಿಚಾರಿಸಿ. ಮನೆಯ ಹುಡುಗ ಹೊರಟಿದ್ದರೆ ತಡೆಯಬೇಡಿ. ಸಾಧ್ಯವಾದರೆ ಅವನ ಜೊತೆಗೆ ನೀವೂ ಒಂದು ಟಿಕೇಟು ಕೊಳ್ಳಿ.