ಫ್ಯೂಮ್ ಹುಡ್ ಬಳಸುವ ಮುನ್ನ

ರಸಾಯನಶಾಸ್ತ್ರ ಪ್ರಯೋಗಾಲಯದ ಮೂಲೆಯಲ್ಲಿ, ಮೇಲೆ ಕೆಳಗೆ ಸರಿಯುವ ಗಾಜಿನ ಬಾಗಿಲಿರುವ ಗೂಡೊಂದನ್ನು ನೀವು ನೋಡಿರಬಹುದು. ಅದೇ ಫ್ಯೂಮ್ ಹುಡ್. ಕಿಪ್ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಪಡೆಯುವಾಗ, ತಾಮ್ರಕ್ಕೆ ಪ್ರಬಲ ನೈಟ್ರಿಕ್ ಆಮ್ಲ ಸೇರಿಸಿ ಕಂದು ಹೊಗೆ ಏಳುವಾಗ ಕೆಲಸ ನಡೆಯಬೇಕಾದದ್ದು ಇದರೊಳಗೇ.

ಇಲ್ಲಿ ನಿಮ್ಮನ್ನು ಕಾಯುವುದು ಗಾಜಿಗಿಂತ ಹೆಚ್ಚಾಗಿ ಗಾಳಿ. ಎಕ್ಸಾಸ್ಟ್ ಫ್ಯಾನು ಕೋಣೆಯ ಗಾಳಿಯನ್ನು ಗೂಡಿನೊಳಕ್ಕೆ ಎಳೆದು, ಕೊಳವೆಯ ಮೂಲಕ ಕಟ್ಟಡದ ಹೊರಕ್ಕೆ ಕಳಿಸುತ್ತದೆ. ಬಾಗಿಲಲ್ಲಿ ಈ ಗಾಳಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 0.5 ಮೀಟರು. ನಾವು ನಡೆಯುವ ವೇಗದ ಅರ್ಧಕ್ಕೂ ಕಡಿಮೆ! ಹೀಗಾಗಿ ಎದುರಿನಲ್ಲಿ ಯಾರಾದರೂ ಸರಸರನೆ ಹಾದುಹೋದರೂ, ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿದ್ದರೂ ಒಳಗಿನ ವಿಷಾನಿಲ ಹೊರಗೆ ನುಸುಳಬಲ್ಲದು. ಸೆಕೆಯ ದಿನ ಫ್ಯಾನು ಆರಿಸಲು ಯಾರಿಗೂ ಮನಸ್ಸು ಬಾರದು, ನಿಜ. ಆದರೂ ಆರಿಸಿ.

ಕೆಲಸಕ್ಕೆ ಮೊದಲು ತೆಳುವಾದ ಕಾಗದದ ಪಟ್ಟಿಯೊಂದನ್ನು ಬಾಗಿಲಿನ ಅಂಚಿಗೆ ಹಿಡಿಯಿರಿ. ಅದು ಒಳಮುಖವಾಗಿ ಬಾಗಬೇಕು. ಬಾಗದಿದ್ದರೆ ಪ್ರಯೋಗ ಆರಂಭಿಸದೆ ಅಧ್ಯಾಪಕರಿಗೆ ತಿಳಿಸಿ. ಪಾತ್ರೆಗಳನ್ನು ಅಂಚಿನಿಂದ ಕನಿಷ್ಠ 15 ಸೆಂಟಿಮೀಟರು ಒಳಗಿಡಿ. ಗಾಜನ್ನು ಕೈಯಾಡುವಷ್ಟು ಮಾತ್ರ ಎತ್ತಿ. ತಲೆಯನ್ನು ಒಳಗೆ ತೂರಿಸಲೇಬೇಡಿ. ಬೇಡದ ಸೀಸೆಗಳನ್ನೆಲ್ಲ ಅಲ್ಲೇ ಪೇರಿಸಿಡುವ ಅಭ್ಯಾಸವೂ ಕೆಟ್ಟದ್ದು. ಅವು ಗಾಳಿಯ ದಾರಿಯನ್ನೇ ಕಟ್ಟುತ್ತವೆ.

‘ಸೋರಿದರೆ ವಾಸನೆಯಿಂದ ತಿಳಿಯುತ್ತದಲ್ಲ?’ ಎಂದು ನೀವು ಕೇಳಬಹುದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ತಲುಪಿದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ವಾಸನೆ ತಿಳಿಯದಾದರೂ ಅನಿಲ ಅಲ್ಲೇ ಇರುತ್ತದೆ. ನಾರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಜೊತೆಯವರನ್ನೂ ಕರೆದುಕೊಂಡು ತಕ್ಷಣ ಹೊರಗೆ ಬನ್ನಿ.