ಹಾವು, ಕಪ್ಪೆ ಮತ್ತು ಅಡಿಬರಹ

ಶೃಂಗೇರಿಯಲ್ಲಿ ತುಂಗೆಯ ಸ್ನಾನಘಟ್ಟದ ಬಳಿ ಕಪ್ಪೆ ಶಂಕರ ಎಂಬ ಪುಟ್ಟ ಗುಡಿಯಿದೆ. ಹೆಡೆ ಬಿಚ್ಚಿದ ನಾಗರ, ಅದರಡಿ ಒಂದು ಕಪ್ಪೆ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಹಾವು ನೆರಳಾಗಿ ನಿಂತಿತು, ಅದನ್ನು ಕಂಡ ಶಂಕರಾಚಾರ್ಯರು ಪೀಠಕ್ಕೆ ಇದೇ ತಕ್ಕ ನೆಲವೆಂದು ನಿಶ್ಚಯಿಸಿದರು ಎಂಬುದು ಸ್ಥಳಪುರಾಣ. ಈ ಕಥೆ ಕೇಳದವರ ಕಣ್ಣಿಗೆ ಅದೇ ಕಲ್ಲಿನಲ್ಲಿ ಕಾಣುವುದು ಇನ್ನೇನು ಕಪ್ಪೆಯನ್ನು ನುಂಗಲಿರುವ ಹಾವು. ಕರುಣೆಯೋ ಬೇಟೆಯೋ ಎಂಬುದನ್ನು ಶಿಲ್ಪ ತಾನಾಗಿ ಹೇಳುವುದಿಲ್ಲ. ಜೊತೆಗೆ ಬಂದ ಮಾತು ಹೇಳುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಚಿತ್ರ ಓದುವುದನ್ನು ಕಲಿಸಬೇಕೆಂದರೆ ಮೊದಲ ಪಾಠ ಇಲ್ಲೇ ಇದೆ. ಚಿತ್ರವನ್ನೂ ಅದರ ಅಡಿಬರಹವನ್ನೂ ಬೇರೆ ಬೇರೆ ಮಾಡಿ ನೋಡುವ ಅಭ್ಯಾಸವೇ ಈ ವಿದ್ಯೆಯ ಬುಡ. ತಂತ್ರಾಂಶಗಳೆಲ್ಲ ಆಮೇಲಿನ ಮಾತು.

ಮಳೆ ಜೋರಾದ ವರ್ಷಗಳಲ್ಲಿ ಈ ಗುಡಿ ತುಂಗೆಯಲ್ಲಿ ಮುಳುಗುತ್ತದೆ. ಆ ಫೋಟೊಗಳು ಗಂಟೆಯೊಳಗೆ ಮನೆಮನೆಯ ವಾಟ್ಸ್ಆ್ಯಪ್‌ಗೆ ಬರುತ್ತವೆ. ಆದರೆ ಕೆಂಪು ನೀರು, ಅದೇ ಮೆಟ್ಟಿಲು, ಅದೇ ಕೋನ: 2019ರ ಆಗಸ್ಟ್‌ನ ನೆರೆಯ ಫೋಟೊಗೂ ನಿನ್ನೆಯದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ತಿಳಿಯದು. ಹಳೆಯದನ್ನು ‘ಈಗಷ್ಟೇ’ ಎಂದು ಹಂಚಿದಾಗ ಫೋಟೊದ ಒಂದು ಚುಕ್ಕಿಯನ್ನೂ ಯಾರೂ ತಿದ್ದಿರುವುದಿಲ್ಲ. ಆದರೂ ಅದು ಸುಳ್ಳು. ತಿದ್ದಿದ ಚಿತ್ರವನ್ನು, ಎಐ ಬರೆದ ಚಿತ್ರವನ್ನು ಪತ್ತೆಹಚ್ಚುವುದನ್ನಷ್ಟೇ ಕಲಿಸಿದರೆ ಈ ಸುಳ್ಳು ಪಾರಾಗಿಬಿಡುತ್ತದೆ. ಗೂಗಲ್ ಲೆನ್ಸ್‌ಗೆ ಫೋಟೊ ಕೊಟ್ಟು ಹುಡುಕಿದರೆ ಅದು ಹಿಂದೆ ಎಲ್ಲಾದರೂ ಪ್ರಕಟವಾಗಿದ್ದರೆ ಸಿಗಬಹುದು. ಸಿಗಲಿಲ್ಲವೆಂದ ಮಾತ್ರಕ್ಕೆ ಹೊಸದೆಂದು ಅರ್ಥವಲ್ಲ ಎಂಬುದನ್ನೂ ಜೊತೆಗೇ ಹೇಳಿಕೊಡಬೇಕು. ಫೋನಿಗೆ ಚಿತ್ರವಾಗಿಯೇ ಬರುವ ಮಳೆಗಾಲದ ಶಾಲಾ ರಜೆಯ ಆದೇಶವನ್ನೇ ತೆಗೆದುಕೊಳ್ಳಿ. ಮಲೆನಾಡಿನ ಮಕ್ಕಳು ಅಷ್ಟು ಆಸೆಯಿಂದ ನೋಡುವ ಚಿತ್ರ ಇನ್ನೊಂದಿರಲಿಕ್ಕಿಲ್ಲ. ಮೊಹರು, ಸಹಿ ಕಂಡೊಡನೆ ಕಣ್ಣು ನಂಬಿಬಿಡುತ್ತದೆ. ದಿನಾಂಕ ಯಾವುದು, ಕೊಟ್ಟ ತಾರೀಖಿಗೆ ವಾರ ಹೊಂದುತ್ತದೆಯೇ, ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದಿದೆಯೇ, ಅಂಕಿಯ ಅಕ್ಷರದ ಗಾತ್ರ ಅಕ್ಕಪಕ್ಕದ ಸಾಲಿಗೆ ಹೊಂದುತ್ತದೆಯೇ ಎಂದು ಬೆರಳಿಟ್ಟು ಓದಿಸಿದರೆ ಅದೇ ಒಂದು ಪೂರ್ಣ ಪಾಠ.

ಇದು ರಜೆಯಷ್ಟಕ್ಕೇ ಮುಗಿಯುವ ವಿಷಯವಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ದೇಶದುದ್ದಕ್ಕೂ ಹರಿದಾಡಿದ ಒಂದು ವಿಡಿಯೊ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದನ್ನು ತೋರಿಸುತ್ತಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ತಯಾರಿಸಿದ್ದು. ಬೈಕಿನವರು ಹಿಂತಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿದು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರ ಗುಂಪೊಂದರ ದೃಶ್ಯಗಳು ಅವರ ಕಾರಿಗಿಂತ ಮುಂಚೆ ಮುರ್ಕಿ ಎಂಬ ಹಳ್ಳಿ ತಲುಪಿದವು. ಅಲ್ಲಿ ಜನ ಅವರನ್ನು ಬಡಿದರು. ಒಬ್ಬ ಯುವಕ ಸತ್ತ. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತರುವುದಾಗಿ ಹೇಳಿತು. ಕೈ ಕಟ್ಟಿದರೆ ಸುಳ್ಳಿನ ವೇಗ ತಗ್ಗಬಹುದು, ನೋಡುವ ಕಣ್ಣು ಹಾಗೆಯೇ ಉಳಿಯುತ್ತದೆ.

ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ, ಒಬ್ಬಿಬ್ಬರೇ ಮೇಷ್ಟರಿರುವ ಶಾಲೆಗಳಲ್ಲಿ ಇದನ್ನೆಲ್ಲ ಹೇಗೆ ಕಲಿಸುವುದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಇದಕ್ಕೆ ಫೋನೇ ಬೇಕೆಂದಿಲ್ಲ. ಹಳೆಯ ಪತ್ರಿಕೆಯ ಒಂದು ಫೋಟೊದ ಅಡಿಬರಹದ ಮೇಲೆ ಕಾಗದ ಅಂಟಿಸಿ, ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಸಿದರೆ ಸಾಕು. ‘ಹೆಂಗಸು ಅಳುತ್ತಿದ್ದಾಳೆ’ ಎಂಬುದು ಕಂಡದ್ದೇ? ಕಂಡದ್ದು ಕಣ್ಣೊರೆಸುವ ಕೈ. ಒಲೆಯ ಹೊಗೆಯೂ ಇರಬಹುದು. ಕನ್ನಡದ ಅವಧಿಯಲ್ಲೇ, ಭಾಷೆಯ ಪಾಠವಾಗಿಯೇ ಇದನ್ನು ಮಾಡಬಹುದು. ಇಂಥ ಕೆಲಸ ಪಕ್ಕದಲ್ಲೇ ನಡೆದಿದೆ ಕೂಡ. ಕೇರಳದ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಸಿತು. 2024ರಲ್ಲಿ ಆ ರಾಜ್ಯದ ಮಾಹಿತಿ ತಂತ್ರಜ್ಞಾನ ಪಠ್ಯಪುಸ್ತಕಗಳಿಗೂ ಸತ್ಯಶೋಧನೆಯ ಪಾಠ ಬಂತು. ಆ ಪುಸ್ತಕಗಳು ಕನ್ನಡದಲ್ಲೂ ಅಚ್ಚಾಗುತ್ತವೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಸಿಗುವುದು ಕೊಪ್ಪದ ಮಕ್ಕಳಿಗೆ ಏಕೆ ಸಿಗಬಾರದು?

ಅನುಮಾನ ಕಲಿಸಿದರೆ ಮಕ್ಕಳು ಏನನ್ನೂ ನಂಬದವರಾಗುತ್ತಾರೆ ಎಂಬುದು ಇನ್ನೊಂದು ಅಳುಕು. ಎಲ್ಲವೂ ಸುಳ್ಳು ಎಂದು ಹೇಳಿಕೊಟ್ಟರೆ ಹಾಗಾಗುವುದು ನಿಜ. ಪಾಠ ನಂಬಲು ಕಾರಣ ಹುಡುಕುವುದನ್ನೂ ಕಲಿಸಬೇಕು. ಹಳೆಯ ಪೇಟೆಯ ಫೋಟೊ ಒಂದರಲ್ಲಿ ಎಡೇಹಳ್ಳಿ ಎಂದು ಬರೆದಿದ್ದರೆ ಅದು 1915ಕ್ಕಿಂತ ಹಿಂದಿನದಿರಬಹುದು ಎಂದು ನರಸಿಂಹರಾಜಪುರದ ಹುಡುಗಿ ಹೇಳಬಲ್ಲಳು, ಏಕೆಂದರೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಊರಿಗೆ ಬಂದದ್ದು ಆ ವರ್ಷ. ಹಳೆಯ ಹೆಸರನ್ನು ಆಮೇಲೂ ಯಾರಾದರೂ ಬರೆದಿರಬಹುದಲ್ಲ ಎಂದು ಪಕ್ಕದವಳು ಕೇಳಿದರೆ ತರಗತಿ ಸರಿಯಾಗಿಯೇ ನಡೆಯುತ್ತಿದೆ.

ಓದುವುದನ್ನು ಕಲಿತ ಮಗುವಿಗೆ ಬಳಸುವ ಹೊಣೆಯೂ ತಿಳಿಯಬೇಕು. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟಿತ ಫೋಟೊದ ಹಕ್ಕು ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಪಾಠದ ಭಾಗವಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ಬಳಸಲು ಕಾನೂನು ಅವಕಾಶ ಕೊಟ್ಟಿದೆ. ಅದೇ ಚಿತ್ರವನ್ನು ಸ್ಮರಣಸಂಚಿಕೆಯಲ್ಲಿ ಅಚ್ಚುಹಾಕುವುದು ಬೇರೆ ಮಾತು. ಸಹಪಾಠಿ ಜಾರಿಬಿದ್ದ ಫೋಟೊವನ್ನು ಅವಳನ್ನು ಕೇಳದೆ ಹಂಚುವುದು ಕಾನೂನಿಗಿಂತ ಮೊದಲು ನೋವಿನ ವಿಷಯ. ವಿದ್ಯಾಶಂಕರ ದೇಗುಲದ ಬಗ್ಗೆ ಪ್ರಾಜೆಕ್ಟ್ ಮಾಡುವಾಗ ಸೈಬರ್ ಅಂಗಡಿಯಲ್ಲಿ ತೆಗೆಸಿದ ಮಸುಕು ಪ್ರಿಂಟನ್ನು ಚಾರ್ಟಿಗೆ ಅಂಟಿಸಿ ‘ಶಾರದಾ ದೇವಸ್ಥಾನ’ ಎಂದು ಬರೆದುಬಿಡುವುದು ಸುಲಭ. ಎರಡೂ ಒಂದೇ ಆವರಣದಲ್ಲಿವೆ. ಹನ್ನೆರಡು ರಾಶಿಕಂಬಗಳ ಮಂಟಪ ಯಾವುದರಲ್ಲಿದೆ ಎಂದು ನೋಡಿ ಹೆಸರು ತಿದ್ದಲಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ತೆಗೆದವರು ಯಾರು, ಯಾವಾಗ, ಎಲ್ಲಿಂದ ಪಡೆದದ್ದು ಎಂದು ಬರೆಯಲಿ. ಗೊತ್ತಾಗದಿದ್ದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಲಿ, ಅದಕ್ಕೂ ಅಂಕ ಕೊಡಿ.