'ಬಿಡಿ' ಅಂದರೆ ದಿನಕ್ಕೆರಡು

ಗುಳಿಗೆ ಕೊಡುವ ಕಿಟಕಿಯ ಹಿಂದೆ ನಾನು 34 ವರ್ಷ ಕೂತೆ. ನರಗುಂದ ತಾಲ್ಲೂಕಿನಲ್ಲಿ ನೌಕರಿ ಶುರು, ಆಮೇಲೆ ರೋಣ, ಕಡೆಗೆ ಗಜೇಂದ್ರಗಡದ ಸೀಮೆ. ಸೇರಿದಾಗ ನಮ್ಮದು ಧಾರವಾಡ ಜಿಲ್ಲೆ. 1997ರಲ್ಲಿ ಗದಗ ಜಿಲ್ಲೆ ಆಯಿತು. ಕಾಗದದಲ್ಲಿ ನಾನು ಫಾರ್ಮಸಿಸ್ಟ್, ಜನರ ಬಾಯಲ್ಲಿ ಕಡೆತನಕ 'ಕಂಪೌಂಡರ್ ಸರ'. ಚೀಟಿ ಹಿಡಿದು ಬಂದವರು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಸರ, ಡಾಕ್ಟ್ರು ಏನಂದ್ರು?"

ಒಳಗೆ ಹೋಗಿ ಬಂದವರು ಅವರು, ಹೊರಗಿದ್ದವನು ನಾನು. ಆದರೂ ನನ್ನನ್ನೇ ಕೇಳುತ್ತಿದ್ದರು. ಯಾವ ಡಾಕ್ಟರಿದ್ದಾಗ ಈ ಪ್ರಶ್ನೆ ಹೆಚ್ಚು, ಯಾರಿದ್ದಾಗ ಕಡಿಮೆ ಎಂದು ಗಮನಿಸುತ್ತ ಬಂದೆ. ವೈದ್ಯರನ್ನು ಅಳೆಯಲು ನನಗೆ ಬೇರೆ ಮಾಪನ ಬೇಕಾಗಲಿಲ್ಲ.

ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ತಂದಿತಷ್ಟೆ. ಹಾಗೆ ಬಂದವರಲ್ಲಿ ಬೆಂಗಳೂರು ಕಡೆಯ ಒಬ್ಬ ಹುಡುಗ. ಬುದ್ಧಿವಂತ, ಕೆಲಸಗಳ್ಳನಲ್ಲ. ಒಂದು ಸಂತೆಯ ದಿನ ಮುದುಕಿಯೊಬ್ಬಳಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬರೆದು, "ಅಜ್ಜಿ, ಇದು ಬಿಡಿ, ಊಟ ಆದ್ಮೇಲೆ" ಅಂದ. ಗದ್ದಲದಲ್ಲಿ ನಾನೂ ಡಾಕ್ಟರು ಹೇಳಿರುತ್ತಾರೆಂದು ಸುಮ್ಮನೆ ಕಟ್ಟಿಕೊಟ್ಟೆ.

ತಿಂಗಳ ಮೇಲೆ ಬಂದಾಗ ಶುಗರ್ ಏರಿಬಿಟ್ಟಿತ್ತು. "ಹೇಳಿದ್ರೆ ಅರ್ಥ ಆಗಲ್ವಾ ನಿಮ್ಗೆ?" ಎಂದು ಹುಡುಗ ರೇಗಿದ. ಮುದುಕಿ ಸೆರಗಿನ ಗಂಟು ಬಿಚ್ಚಿ, ಒಂದೂ ಮುಟ್ಟದ ಗುಳಿಗೆಗಳನ್ನು ಮೇಜಿನ ಮೇಲಿಟ್ಟಳು. "ನೀವ ಬಿಡಿ ಅಂದ್ರಲ್ರೀ ಯಪ್ಪಾ. ಬಿಟ್ಟೇನಿ."

'ಬಿಡಿ' ಎಂಬುದು ದಿನಕ್ಕೆರಡು ಸಲ ಎಂಬ ಲ್ಯಾಟಿನ್ ಮಾತಿನ ಚುಟುಕು. ಮೆಡಿಕಲ್ ಕಾಲೇಜಿನಲ್ಲಿ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಅಂತ ಅದೇ ನಾಲಿಗೆಗೆ ಹತ್ತಿರುತ್ತದೆ. ಅಲ್ಲಿ ಸಿಸ್ಟರ್‌ಗಳಿಗೂ ಜೊತೆಯವರಿಗೂ ಅದು ತಿಳಿಯುತ್ತದೆ. ತಿಳಿಯದವನು ಒಬ್ಬನೇ, ಗುಳಿಗೆ ನುಂಗಬೇಕಾದವನು.

ಸಿಬ್ಬಂದಿಯೆಲ್ಲ ನಕ್ಕರು, ಹುಡುಗ ನಗಲಿಲ್ಲ. ಸಂಜೆ ನೋಟುಬುಕ್ಕು ಹಿಡಿದು ನನ್ನ ಕಿಟಕಿಗೆ ಬಂದ. "ಸರ್, ನಿಮ್ಮ ಕಡೆ ಮಾತು ಬರೆಸಿ." ಜಡ್ಡು ಅಂದರೆ ಇಲ್ಲಿ ಕಾಯಿಲೆ. ದಮ್ಮು ಅಂದರೆ ಉಬ್ಬಸ. ಬಸುರಿ ಹೆಂಗಸು 'ಬ್ಯಾನಿ ಸುರು ಆಗ್ಯಾವ' ಅಂದರೆ ಹೆರಿಗೆ ನೋವು, ತಡ ಮಾಡುವಂತಿಲ್ಲ. 'ಎದಿ ಝಲ್ ಅಂತದ' ಅಂದವರಿಗೆ ಒಮ್ಮೊಮ್ಮೆ ಹೃದಯದ ತೊಂದರೆ, ಒಮ್ಮೊಮ್ಮೆ ಮಗನ ಸಾಲದ ಚಿಂತೆ. ಯಾವುದೆಂದು ಇನ್ನೊಂದು ಪ್ರಶ್ನೆ ಕೇಳದೆ ಗೊತ್ತಾಗುವುದಿಲ್ಲ.

ಆ ಇನ್ನೊಂದು ಪ್ರಶ್ನೆಯೇ ಅಪರೂಪ. ಜಿಷ್ಣು ದಾಸ್ ಮತ್ತು ಜೆಫ್ರಿ ಹ್ಯಾಮರ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ವೈದ್ಯರಿಗೆ ಮೊದಲು ಕಾಯಿಲೆಗಳ ಬಗ್ಗೆ ಪ್ರಶ್ನೆ ಹಾಕಿ ಅವರಿಗೆ ಏನು ಗೊತ್ತಿದೆ ಎಂದು ನೋಡಿದರು. ಆಮೇಲೆ ದವಾಖಾನೆಯಲ್ಲೇ ಕೂತು, ಅವರು ಏನು ಮಾಡುತ್ತಾರೆ ಎಂದು ನೋಡಿದರು. ಗೊತ್ತಿದ್ದದ್ದಕ್ಕಿಂತ ಮಾಡುತ್ತಿದ್ದುದು ಬಹಳ ಕಡಿಮೆ. ಓದು ಹೆಚ್ಚಿಸಿದರಷ್ಟೇ ಆ ಅಂತರ ತುಂಬುವುದಿಲ್ಲ.

ಹಾಗಂತ ವೈದ್ಯರೊಬ್ಬರ ಮೇಲೆಯೇ ಹೊರೆ ಹಾಕುವುದು ನ್ಯಾಯವಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಸಂತೆಯ ದಿನ ಮುಂಜಾನೆ 9ರಿಂದ ಮಧ್ಯಾಹ್ನ 1ರೊಳಗೆ 100 ಚೀಟಿ ಹರಿದರೆ, ಒಬ್ಬರಿಗೆ ಸಿಗುವುದು ಎರಡೂವರೆ ನಿಮಿಷಕ್ಕಿಂತ ಕಡಿಮೆ. 67 ದೇಶಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಭಾರತದ ಸರಾಸರಿ ಸುಮಾರು 2 ನಿಮಿಷ, ಸ್ವೀಡನ್ನಿನದು 22.5.

ಆದರೆ ಅದೇ ಎರಡು ನಿಮಿಷದಲ್ಲಿ ಎರಡು ತೆರನ ವೈದ್ಯಕೀಯ ನಡೆದದ್ದನ್ನೂ ಕಂಡಿದ್ದೇನೆ. "ಇಷ್ಟ ದಿನಾ ಏನ್ ಮಾಡ್ತಿದ್ರಿ?" ಎಂದು ಬೈದು ಚೀಟಿ ಎಸೆಯುವವರಿದ್ದರು. ಅದೇ ಮಾತನ್ನು ಬೈಗುಳ ಮಾಡದೆ ಕೇಳಿ, ಉತ್ತರಕ್ಕೆ ಕಾಯುವ ಡಾಕ್ಟರಬಾಯಿ ಒಬ್ಬರಿದ್ದರು. ಉತ್ತರ ಬರುತ್ತಿತ್ತು: "ಹೆಸರು ಬಿಡಿಸೂದು ಮುಗೀಲಿ ಅಂತ ಕುಂತೆ." "ಮಗ್ಗದ ಮ್ಯಾಲಿನ ಸೀರಿ ಇಳಿಸಿ ಬರಬೇಕಾಗಿತ್ರಿ." ಗಜೇಂದ್ರಗಡದ ಕುಣಿಮಗ್ಗದಲ್ಲಿ ಕೂತವನ ಬೆನ್ನುನೋವು ಎಲ್ಲಿಂದ ಬಂತು, ಮುಂದಿನ ಸಲ ಯಾವಾಗ ಬರಬಲ್ಲ ಎಂಬುದು ಆ ಒಂದೇ ಉತ್ತರದಲ್ಲಿ ತಿಳಿಯುತ್ತಿತ್ತು. ಬೈಸಿಕೊಂಡವರು ಎರಡನೇ ಸಲ ಬರುತ್ತಿರಲಿಲ್ಲ. ಓದಿಲ್ಲದಿದ್ದರೂ "ಬಾ ಯವ್ವಾ" ಅನ್ನುವ, ಊರಲ್ಲೇ ಬಾಟಲಿ ಹಚ್ಚುವವನ ಬಾಗಿಲಿಗೆ ಹೋಗುತ್ತಿದ್ದರು.

ಈ ಬೈಯುವ ರೂಢಿ ಎಲ್ಲಿಂದ ಬರುತ್ತದೆ? ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಹಿರಿಯರು ರೋಗಿಯ ಹೆಸರು ಬಿಟ್ಟು ಹಾಸಿಗೆಯ ನಂಬರು ಕೂಗುತ್ತಾರೆ, ವಿದ್ಯಾರ್ಥಿಯನ್ನು ಎಲ್ಲರೆದುರು ಗದರುತ್ತಾರೆ. ಗದರಿಸಿಕೊಂಡವನು ತನಗಿಂತ ಕೆಳಗಿನವರನ್ನು ಗದರಲು ಕಲಿಯುತ್ತಾನೆ. ಎಲ್ಲರಿಗಿಂತ ಕೆಳಗಿರುವವನು ರೋಗಿ. ಇದು ಯಾವ ಪುಸ್ತಕದಲ್ಲೂ ಇಲ್ಲದ ಪಾಠ.

ಒಳ್ಳೆಯದನ್ನೂ ಹೀಗೆ ನೋಡಿಯೇ ಕಲಿಯಬಹುದು. ಮನೆಮಾತಿನಲ್ಲಿ ಮೈಯ ವಿಷಯ ಹೇಳುವುದು ಹೇಗೆಂದು ವೈದ್ಯೆ ಅನುಪಮಾ ನಿರಂಜನ ತಮ್ಮ ಪುಸ್ತಕಗಳಲ್ಲಿ ತೋರಿಸಿಕೊಟ್ಟು ಎಷ್ಟೋ ಕಾಲವಾಯಿತು. ಕಾಲೇಜುಗಳಲ್ಲಿ ಅದು ಪಠ್ಯವಾದದ್ದು ಮಾತ್ರ ತಡವಾಗಿ. ದೇಶದ ಎಂಬಿಬಿಎಸ್ ಪಠ್ಯಕ್ರಮ 2019ರಲ್ಲಿ ಬದಲಾದಾಗ ನಡವಳಿಕೆ, ನೀತಿ, ಮಾತುಕತೆಯ ಪಾಠಗಳು ಸೇರಿದವು. ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆಯ ಪರಿಚಯವೂ ಇದೆ. ವಿದ್ಯಾರ್ಥಿಯೊಬ್ಬ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಓದುವಷ್ಟು ವರ್ಷ ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮ ಆಮೇಲೆ ಬಂತು. ನಮ್ಮ ಗದಗಿನಲ್ಲೇ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಆದರೆ ತರಗತಿಯಲ್ಲಿ ಕಲಿತ ನಯ, ವಾರ್ಡಿನ ಹಿರಿಯರ ಗದರಿಕೆಯೆದುರು ಎಷ್ಟು ದಿನ ಬಾಳುತ್ತದೋ ನೋಡಬೇಕು.

ಬೆಂಗಳೂರಿನ ಹುಡುಗ ಉಳಿದ ತಿಂಗಳು ಒಂದು ರೂಢಿ ಮಾಡಿಕೊಂಡ. ಔಷಧ ಹೇಳಿದ ಮೇಲೆ, ಹರಕು ಮುರುಕಾದ ನಮ್ಮ ಮಾತಿನಲ್ಲೇ, "ಈಗ ನೀವ ಹೇಳ್ರಿ, ಹೆಂಗ ತಗೋತೀರಿ?" ಎಂದು ಕೇಳುವುದು. "ಮುಂಜಾನಿ ರೊಟ್ಟಿ ತಿಂದಮ್ಯಾಲ ಒಂದು, ರಾತ್ರಿ ಉಂಡಮ್ಯಾಲ ಒಂದು" ಎಂದು ಅವರು ತಿರುಗಿ ಒಪ್ಪಿಸಬೇಕು. ಈ ಪದ್ಧತಿಗೆ ವೈದ್ಯಕೀಯದಲ್ಲಿ 'ಟೀಚ್‌-ಬ್ಯಾಕ್' ಎಂಬ ಹೆಸರೇ ಇದೆಯೆಂದು ನನಗೆ ಆಮೇಲೆ ತಿಳಿಯಿತು. ಹಿಡಿಯುವುದು ಅರ್ಧ ನಿಮಿಷ.

ಆ ತಿಂಗಳುಗಳಲ್ಲಿ ನನ್ನ ಕಿಟಕಿಗೆ ಬಂದವರು ಗುಳಿಗೆ ಇಸಿದುಕೊಂಡು ನೆಟ್ಟಗೆ ಹೊರಟುಬಿಡುತ್ತಿದ್ದರು. "ಡಾಕ್ಟ್ರು ಏನಂದ್ರು?" ಎಂದು ಯಾರೂ ಕೇಳಲಿಲ್ಲ. ಖುಷಿಯೇ ಆಗಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಬೇಸರವೂ ಆಗಿತ್ತು.